ಶಿಲೆಗೆ ಪ್ರಶ್ನೆ, ನಿಸರ್ಗಕ್ಕೆ ರುಜು: ಡಿ.ವಿ.ಜಿ. ಮತ್ತು ಕುವೆಂಪು ಅವರಲ್ಲಿ ದೃಶ್ಯಸ್ಫೂರ್ತಿಯ ಸ್ವರೂಪ

1. ಪೀಠಿಕೆ

ಹೊಸಗನ್ನಡ ಕಾವ್ಯವನ್ನು ಕುರಿತ ವಿಮರ್ಶೆಯಲ್ಲಿ 'ಸ್ಫೂರ್ತಿ' ಎಂಬ ಮಾತು ಮತ್ತೆ ಮತ್ತೆ ಬಳಕೆಯಾಗಿದೆ. ಆದರೆ ಅದು ಪರೀಕ್ಷೆಗೆ ಒಳಗಾದುದು ಕಡಿಮೆ. ಶಿಲ್ಪವೊಂದನ್ನು ಕಂಡು ಬರೆದ ಕವಿತೆಯನ್ನು ಕಲಾಸ್ಫೂರ್ತಿಯ ಫಲವೆಂದೂ, ಬೆಟ್ಟ, ಹೊಳೆ, ಕಾಡುಗಳನ್ನು ಕಂಡು ಬರೆದ ಕವಿತೆಯನ್ನು ನಿಸರ್ಗಸ್ಫೂರ್ತಿಯ ಫಲವೆಂದೂ ವಿಂಗಡಿಸುವುದು ವಾಡಿಕೆ. ಈ ವಿಂಗಡಣೆ ಪಠ್ಯಕ್ರಮಕ್ಕೆ ಅನುಕೂಲವಾದುದು. ಆದರೆ ಕಣ್ಣಿಗೆ ಬಿದ್ದ ವಸ್ತು ಕವಿತೆಯಾಗುವ ನಡುವೆ ಏನು ನಡೆಯುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಬೇಲೂರಿನ ದೇವಾಲಯವನ್ನು ತಲೆಮಾರುಗಳಿಂದ ಜನ ನೋಡುತ್ತ ಬಂದಿದ್ದಾರೆ. ಹೊಳೆಯ ಮೇಲೆ ಸಾಲುಗಟ್ಟಿ ಹಾರುವ ಬೆಳ್ಳಕ್ಕಿಗಳು ಮಲೆನಾಡಿಗರಿಗೆ ಹೊಸ ನೋಟವೇನಲ್ಲ. ನೋಟವೇ ಸ್ಫೂರ್ತಿಯಾಗಿದ್ದ ಪಕ್ಷದಲ್ಲಿ ನೋಡಿದವರೆಲ್ಲರೂ ಕವಿಗಳಾಗಬೇಕಾಗಿತ್ತು.

ಪ್ರಸ್ತುತ ಲೇಖನವು ಈ ನಡುವಣ ವ್ಯಾಪಾರವನ್ನು ಎರಡು ನಿದರ್ಶನಗಳ ಮೂಲಕ ಪರಿಶೀಲಿಸುತ್ತದೆ. ಮೊದಲನೆಯದು, ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ಕುರಿತು ಡಿ.ವಿ. ಗುಂಡಪ್ಪನವರು (1887-1975) ರಚಿಸಿದ 'ಅಂತಃಪುರಗೀತೆ'. ಎರಡನೆಯದು, ತುಂಗಾತೀರದ ನೋಟವೊಂದನ್ನು ವಸ್ತುವಾಗಿ ಉಳ್ಳ ಕುವೆಂಪು ಅವರ (1904-1994) 'ದೇವರು ರುಜು ಮಾಡಿದನು' ಎಂಬ ಕವಿತೆ. ಒಂದು ಕಲೆಯಿಂದ ಹುಟ್ಟಿದುದು, ಇನ್ನೊಂದು ನಿಸರ್ಗದಿಂದ ಹುಟ್ಟಿದುದು. ಇವೆರಡನ್ನೂ ಎದುರುಬದುರಾಗಿ ಇರಿಸಿದಾಗ ಒಂದು ಕುತೂಹಲಕರವಾದ ಅದಲುಬದಲು ಕಾಣಿಸುತ್ತದೆ. ಡಿ.ವಿ.ಜಿ. ಅವರು ಕಲಾಕೃತಿಯನ್ನು ಜೀವಂತ ವ್ಯಕ್ತಿಯಂತೆ ಮಾತನಾಡಿಸುತ್ತಾರೆ. ಕುವೆಂಪು ಅವರು ಜೀವಂತ ನಿಸರ್ಗವನ್ನು ಕಲಾಕೃತಿಯಂತೆ ಓದುತ್ತಾರೆ. ಕಂಡ ವಸ್ತುವನ್ನು ಅದರ ಸ್ವಭಾವಕ್ಕೆ ಹೊರತಾದ ಇನ್ನೊಂದಾಗಿ ಕಾಣುವ ಈ ದಾಟುವಿಕೆಯಲ್ಲಿಯೇ ದೃಶ್ಯಸ್ಫೂರ್ತಿಯ ತಿರುಳಿದೆ ಎಂಬುದು ಈ ಲೇಖನದ ಪ್ರತಿಪಾದನೆ. ಹಾಗೆ ದಾಟುವಾಗ ಕವಿ ಏನನ್ನು ಪಡೆಯುತ್ತಾನೆ, ಏನನ್ನು ಬಿಟ್ಟುಕೊಡುತ್ತಾನೆ ಎಂಬ ಪ್ರಶ್ನೆಯನ್ನೂ ಇಲ್ಲಿ ಎತ್ತಿಕೊಳ್ಳಲಾಗಿದೆ.

2. ಮೀಮಾಂಸೆಯಲ್ಲಿ ನೋಟದ ಸ್ಥಾನ

'ಸ್ಫೂರ್ತಿ' ಶಬ್ದದ ಮೂಲದಲ್ಲಿರುವ 'ಸ್ಫುರ್' ಧಾತುವಿಗೆ ಮಿಡಿ, ಅದುರು, ಮಿಂಚು ಎಂಬ ಅರ್ಥಗಳಿವೆ. ಹೊರಗಿನಿಂದ ಬಂದು ಸೇರುವುದಕ್ಕಿಂತ ಒಳಗಿದ್ದುದು ತಟ್ಟನೆ ಹೊಳೆಯುವುದನ್ನು ಈ ಶಬ್ದ ಹೆಚ್ಚಾಗಿ ಸೂಚಿಸುತ್ತದೆ. ಹನ್ನೊಂದನೆಯ ಶತಮಾನದ ಮಮ್ಮಟನು ತನ್ನ 'ಕಾವ್ಯಪ್ರಕಾಶ'ದಲ್ಲಿ ಕಾವ್ಯದ ಹುಟ್ಟಿಗೆ ಶಕ್ತಿ, ನಿಪುಣತೆ, ಅಭ್ಯಾಸ ಎಂಬ ಮೂರನ್ನು ಒಟ್ಟಾಗಿ ಕಾರಣವೆಂದು ಹೇಳುತ್ತಾನೆ. ಇವುಗಳಲ್ಲಿ ನಿಪುಣತೆ ಎಂಬುದು ಲೋಕ, ಶಾಸ್ತ್ರ, ಕಾವ್ಯ ಮೊದಲಾದವುಗಳ ಅವಲೋಕನದಿಂದ ಬರತಕ್ಕದ್ದು. ಲೋಕವನ್ನು ನೋಡುವುದು ಮತ್ತು ಕೃತಿಗಳನ್ನು ನೋಡುವುದು ಇಲ್ಲಿ ಒಂದೇ ಸಾಮರ್ಥ್ಯದ ಎರಡು ಮೂಲಗಳಾಗಿರುವುದು ಗಮನಾರ್ಹ. ಹೀಗಾಗಿ ನಾವು ಇಂದು ಮಾಡುವ ಕಲಾಸ್ಫೂರ್ತಿ, ನಿಸರ್ಗಸ್ಫೂರ್ತಿ ಎಂಬ ಭೇದ ಮೀಮಾಂಸೆಯ ದೃಷ್ಟಿಯಿಂದ ಮೂಲಭೂತವಾದುದಲ್ಲ.

ಕಲೆಗಳು ಒಂದನ್ನೊಂದು ಅವಲಂಬಿಸಿವೆ ಎಂಬ ತಿಳಿವಳಿಕೆಯೂ ನಮ್ಮಲ್ಲಿ ಹಳೆಯದು. 'ವಿಷ್ಣುಧರ್ಮೋತ್ತರ ಪುರಾಣ'ದಲ್ಲಿ ಪ್ರತಿಮಾಲಕ್ಷಣವನ್ನು ತಿಳಿಯಬಯಸಿದ ವಜ್ರನಿಗೆ ಮಾರ್ಕಂಡೇಯನು, ಚಿತ್ರವನ್ನರಿಯದೆ ಪ್ರತಿಮೆಯನ್ನೂ ನೃತ್ತವನ್ನರಿಯದೆ ಚಿತ್ರವನ್ನೂ ಅರಿಯಲಾಗದು ಎಂದು ತಿಳಿಸುತ್ತಾನೆ. ನೃತ್ತಕ್ಕೆ ವಾದ್ಯವೂ ವಾದ್ಯಕ್ಕೆ ಗೀತವೂ ಆಧಾರವೆಂದು ಹೇಳುತ್ತಾನೆ. ಶಿಲ್ಪದಿಂದ ಹೊರಟ ವಿಚಾರ ಗೀತದಲ್ಲಿ ಹೋಗಿ ನಿಲ್ಲುತ್ತದೆ. ಡಿ.ವಿ.ಜಿ. ಅವರು ಬೇಲೂರಿನ ಶಿಲ್ಪಗಳಿಂದ ಹೊರಟು ಗೀತಗಳನ್ನು ತಲುಪಿದುದು ಇದೇ ದಾರಿಯಲ್ಲಿ ಎನ್ನಬಹುದು.

ನೋಡುವವನ ಅರಿವಿನ ಬಗೆಯನ್ನು ಕುರಿತು ಶಂಕುಕನು ನೀಡಿದ 'ಚಿತ್ರತುರಗ ನ್ಯಾಯ'ವನ್ನೂ ಇಲ್ಲಿ ನೆನೆಯಬೇಕು. ಚಿತ್ರದಲ್ಲಿನ ಕುದುರೆಯನ್ನು ನೋಡಿ ನಾವು ಕುದುರೆ ಎನ್ನುತ್ತೇವೆ. ಅದು ನಿಜವಾದ ಜ್ಞಾನವಲ್ಲ, ಭ್ರಮೆಯಲ್ಲ, ಸಂದೇಹವಲ್ಲ, ಬರಿಯ ಹೋಲಿಕೆಯ ಅರಿವೂ ಅಲ್ಲ. ಅವೆಲ್ಲಕ್ಕಿಂತ ಬೇರೆಯಾದ ಒಂದು ಪ್ರತೀತಿ. ಶಂಕುಕನು ಇದನ್ನು ನಟನ ವಿಷಯದಲ್ಲಿ ಹೇಳಿದನಾದರೂ ಮುಂದೆ ಪರಿಶೀಲಿಸಲಿರುವ ಎರಡು ಕೃತಿಗಳಿಗೂ ಇದು ಹೊಂದುತ್ತದೆ. ಡಿ.ವಿ.ಜಿ. ಅವರು ತಾವು ಮಾತನಾಡಿಸುತ್ತಿರುವುದು ಕಲ್ಲನ್ನು ಎಂಬುದನ್ನು ಮರೆತವರಲ್ಲ. ಕುವೆಂಪು ಅವರೂ ಎದುರಿಗಿರುವುದು ಹೊಳೆ, ಮಲೆ, ಹಕ್ಕಿಗಳೆಂಬುದನ್ನು ಮರೆತವರಲ್ಲ. ಮರೆಯದೆಯೂ ಮತ್ತೊಂದಾಗಿ ಕಾಣುವುದೇ ಇಲ್ಲಿನ ವಿಶೇಷ.

3. ಬೇಲೂರಿನ ಮದನಿಕೆಯರು

ಹೊಯ್ಸಳ ವಿಷ್ಣುವರ್ಧನನು ಕ್ರಿ.ಶ. 1117ರಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದ ಮದನಿಕಾ ವಿಗ್ರಹಗಳು 42. ಅವುಗಳಲ್ಲಿ 38 ಹೊರಗಿವೆ, 4 ನವರಂಗದ ಒಳಗಿವೆ. ಕಂಬದ ಮೇಲ್ಭಾಗದಿಂದ ಸೂರಿನ ಕಡೆಗೆ ಓರೆಯಾಗಿ ಚಾಚಿಕೊಂಡಿರುವ ಈ ವಿಗ್ರಹಗಳು ನೋಡುವವನ ಕಡೆಗೆ ಬಾಗಿದಂತೆ ತೋರುತ್ತವೆ. ನೋಡುವವನು ತಲೆಯೆತ್ತಿ ನೋಡಬೇಕು. ವಿಗ್ರಹ ತಲೆತಗ್ಗಿಸಿ ಅವನತ್ತ ನೋಡುತ್ತದೆ. ಸಂಭಾಷಣೆಗೆ ಬೇಕಾದ ನಿಲುವನ್ನು ವಾಸ್ತುವೇ ಒದಗಿಸಿಕೊಟ್ಟಿದೆ ಎಂದರೆ ಉತ್ಪ್ರೇಕ್ಷೆಯಾಗದು.

ಇವುಗಳಿಗೆ ಬಳಸಿದ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು ಗಾಳಿ ಬಿಸಿಲುಗಳಿಗೆ ಒಡ್ಡಿಕೊಂಡಂತೆ ಗಟ್ಟಿಯಾಗುವಂಥದು. ಒಡವೆಯ ಎಳೆ, ಉಗುರಿನ ಅಂಚು, ಕೂದಲಿನ ಸುರುಳಿಗಳವರೆಗೆ ಉಳಿ ಇಳಿದಿರುವುದಕ್ಕೆ ಈ ಗುಣವೂ ಒಂದು ಕಾರಣ. ಕನ್ನಡಿಯಲ್ಲಿ ಮುಖ ನೋಡಿಕೊಳ್ಳುವವಳು, ಗಿಳಿಯೊಡನೆ ಮಾತನಾಡುವವಳು, ಸೆರಗೆಳೆಯುವ ಕೋತಿಯನ್ನು ಗದರಿಸುವವಳು, ಬೇಟೆಗೆ ನಿಂತವಳು, ಕುಣಿಯುವವಳು ಎಂಬಂತೆ ಒಬ್ಬೊಬ್ಬಳೂ ಒಂದೊಂದು ಕ್ರಿಯೆಯ ನಡುವೆ ಸೆರೆಸಿಕ್ಕವಳು. ಹಲವರ ತಲೆಯ ಮೇಲೆ ಎಲೆಬಳ್ಳಿಗಳ ಚಪ್ಪರವಿದೆ. ಅಂಥ ಒಂದು ಚಪ್ಪರದಲ್ಲಿ ಹಣ್ಣಿನ ಮೇಲೆ ಕುಳಿತ ನೊಣವನ್ನೂ ಅದನ್ನು ಹಿಡಿಯಲು ಹೊಂಚುವ ಹಲ್ಲಿಯನ್ನೂ ಕೆತ್ತಲಾಗಿದೆ. ತೋಟದ ಮೂಲೆಯಲ್ಲಿ ದಿನನಿತ್ಯ ಕಾಣುವ ಇಂಥದೊಂದು ಸಂಗತಿಯನ್ನು ದೇವಾಲಯದ ಸೂರಿನ ಕೆಳಗೆ ಇರಿಸಿದ ರೂವಾರಿಯು ನಿಸರ್ಗವನ್ನು ಬಲು ಹತ್ತಿರದಿಂದ ನೋಡಿದವನಾಗಿರಬೇಕು. ಕಲೆಯಿಂದ ಸ್ಫೂರ್ತಿ ಪಡೆದ ಕವಿಗೆ ಹಿಂದೆಯೇ ನಿಸರ್ಗದಿಂದ ಸ್ಫೂರ್ತಿ ಪಡೆದ ಶಿಲ್ಪಿಯೊಬ್ಬನು ಹೀಗೆ ಎದುರಾಗುತ್ತಾನೆ.

4. 'ಅಂತಃಪುರಗೀತೆ': ಪ್ರಶ್ನೆಯೆಂಬ ಉಪಕರಣ

'ಮಂಕುತಿಮ್ಮನ ಕಗ್ಗ'ದ (1943) ಕವಿಯೆಂದೇ ಬಹುಜನರಿಗೆ ಪರಿಚಿತರಾದ ಡಿ.ವಿ.ಜಿ. ಅವರು ಮದನಿಕೆಯರನ್ನು ಬಿಡಿಬಿಡಿಯಾದ ವಿಗ್ರಹಗಳನ್ನಾಗಿ ಕಾಣದೆ ಚೆನ್ನಕೇಶವನ ಅಂತಃಪುರದ ಪರಿವಾರವನ್ನಾಗಿ ಭಾವಿಸಿದರು. ಈ ಒಂದು ಕಲ್ಪನೆಯಿಂದ ಇಡೀ ಕೃತಿಯ ವಿನ್ಯಾಸ ನಿರ್ಧಾರವಾಯಿತು. ಒಳಗೆ ಗರ್ಭಗೃಹದಲ್ಲಿರುವ ಸ್ವಾಮಿಗೂ ಹೊರಗೆ ಸೂರಿನ ಕೆಳಗಿರುವ ಸ್ತ್ರೀಯರಿಗೂ ಸಂಬಂಧವೊಂದು ಏರ್ಪಟ್ಟಿತು. ಅವರ ಕೋಪ, ನಾಚಿಕೆ, ಕಾತರ, ಆನಂದಗಳಿಗೆ ಒಬ್ಬನೇ ಕಾರಣಪುರುಷ ದೊರೆತನು.

ಈ ಗೀತಗಳ ರಚನೆಯಲ್ಲಿ ಪ್ರಧಾನವಾಗಿ ಕಾಣುವುದು ಸಂಬೋಧನೆ ಮತ್ತು ಪ್ರಶ್ನೆ. ಕವಿಯು ವಿಗ್ರಹವನ್ನು ಅಂಗಾಂಗವಾಗಿ ವರ್ಣಿಸಲು ತೊಡಗುವುದಕ್ಕಿಂತ ಅವಳನ್ನೇ ಕೇಳುತ್ತಾನೆ: ಈ ಹಿಗ್ಗು ಯಾವುದರಿಂದ, ಈ ಮುನಿಸು ಯಾರ ಮೇಲೆ, ಗಿಳಿಗೆ ಹೇಳುತ್ತಿರುವ ಗುಟ್ಟು ಏನು ಎಂಬ ಧಾಟಿಯಲ್ಲಿ ವಿಚಾರಣೆ ಸಾಗುತ್ತದೆ. ಶಿಲ್ಪಕ್ಕೆ ಉತ್ತರ ಕೊಡುವ ಬಾಯಿಲ್ಲ. ಆದರೆ ಉತ್ತರವಿಲ್ಲದಿರುವುದೇ ಕವಿಗೆ ಎಡೆ ಮಾಡಿಕೊಡುತ್ತದೆ.

ಇದರ ಮಹತ್ವವನ್ನು ಅರಿಯಲು ಜರ್ಮನ್ ವಿಮರ್ಶಕ ಲೆಸಿಂಗ್‌ನು 'ಲಾವಕೂನ್' (1766) ಗ್ರಂಥದಲ್ಲಿ ಮಾಡಿದ ವಿವೇಚನೆ ನೆರವಾಗುತ್ತದೆ. ಚಿತ್ರ ಮತ್ತು ಶಿಲ್ಪಗಳು ದೇಶವನ್ನು ಆಶ್ರಯಿಸಿದ ಕಲೆಗಳು. ಕಾವ್ಯವು ಕಾಲವನ್ನು ಆಶ್ರಯಿಸಿದ ಕಲೆ. ಶಿಲ್ಪಿಗೆ ದೊರೆಯುವುದು ಒಂದೇ ಕ್ಷಣ. ಆದುದರಿಂದ ಹಿಂದುಮುಂದುಗಳನ್ನು ಊಹಿಸಲು ಅವಕಾಶವಿರುವ ಕ್ಷಣವನ್ನು ಅವನು ಆರಿಸಿಕೊಳ್ಳಬೇಕು ಎಂಬುದು ಅವನ ವಾದದ ಸಾರ. ಬೇಲೂರಿನ ರೂವಾರಿಗಳ ಆಯ್ಕೆ ಈ ದೃಷ್ಟಿಯಿಂದ ನಿಷ್ಕೃಷ್ಟವಾದುದು. ಕೋತಿ ಸೆರಗನ್ನು ಹಿಡಿದಿದೆ, ಆದರೆ ಎಳೆದು ಮುಗಿದಿಲ್ಲ. ನೊಣ ಇನ್ನೂ ಹಾರಿಲ್ಲ, ಹಲ್ಲಿ ಇನ್ನೂ ನೆಗೆದಿಲ್ಲ. ಡಿ.ವಿ.ಜಿ. ಅವರ ಪ್ರಶ್ನೆಗಳು ಈ ನಿಂತ ಕ್ಷಣದ ಎರಡೂ ಬದಿಗೆ ಕಾಲವನ್ನು ಹರಿಯಬಿಡುತ್ತವೆ. 'ಏಕೆ' ಎಂದು ಕೇಳಿದೊಡನೆ ಕ್ಷಣಕ್ಕೆ ಒಂದು ಭೂತಕಾಲ ಒದಗುತ್ತದೆ. 'ಮುಂದೇನು' ಎಂದು ಕೇಳಿದೊಡನೆ ಭವಿಷ್ಯ ತೆರೆಯುತ್ತದೆ. ಗೀತಗಳಿಗೆ ರಾಗತಾಳಗಳನ್ನು ಸೂಚಿಸಿರುವುದೂ ಇದಕ್ಕೆ ಪೂರಕವಾಗಿದೆ. ಹಾಡಿದಾಗ ಮಾತ್ರ ಈ ರಚನೆಗಳು ಪೂರ್ಣವಾಗುತ್ತವೆ. ಹಾಡುವುದೆಂದರೆ ಕಲ್ಲಿನಲ್ಲಿ ನಿಂತುಹೋದ ಕಾಲವನ್ನು ಲಯದಲ್ಲಿ ಮರಳಿ ನಡೆಸುವುದು.

ಇಂಗ್ಲಿಷ್ ಕವಿ ಕೀಟ್ಸ್‌ನು ಗ್ರೀಕ್ ಕಲಶವೊಂದನ್ನು ಕುರಿತು 1819ರಲ್ಲಿ ಬರೆದ ಪ್ರಗಾಥವೂ ಪ್ರಶ್ನೆಗಳಿಂದಲೇ ಆರಂಭವಾಗುತ್ತದೆ. ಅಲ್ಲಿನ ಆಕೃತಿಗಳು ಯಾರೆಂಬುದು ಕೊನೆಯವರೆಗೂ ತಿಳಿಯುವುದಿಲ್ಲ. ಆ ಅಪರಿಚಯವೇ ಅದರ ಸೊಗಸು. ಡಿ.ವಿ.ಜಿ. ಅವರ ಪ್ರಶ್ನೆಗಳು ಹಾಗಲ್ಲ. ಅವು ಮನೆಯವರನ್ನು ವಿಚಾರಿಸುವ ಪ್ರಶ್ನೆಗಳು. ಕೇಳುವವನಿಗೆ ಉತ್ತರ ಗೊತ್ತಿದೆ, ಆದರೂ ಅವಳ ಬಾಯಿಂದ ಕೇಳುವ ಆಸೆ. ಸಖಿಯು ನಾಯಿಕೆಯನ್ನು ಕೆಣಕಿ ಕೇಳುವ ನಮ್ಮ ಶೃಂಗಾರಪದಗಳ ಪರಂಪರೆ ಇಲ್ಲಿ ಕೆಲಸ ಮಾಡಿದೆ. ಪಾಶ್ಚಾತ್ಯ ಪ್ರಗಾಥದ ಸಂಬೋಧನೆ ಮತ್ತು ದೇಶೀಯ ಪದದ ಸಲುಗೆ ಎರಡೂ ಕೂಡಿದ ಈ ಧ್ವನಿ ಡಿ.ವಿ.ಜಿ. ಅವರಿಗೇ ವಿಶಿಷ್ಟವಾದುದು.

5. ತುಂಗೆಯ ದಡದಲ್ಲಿ ಒಂದು ಚಿತ್ರಪಟ

ಇನ್ನು ಕುವೆಂಪು ಅವರ ಕವಿತೆಯತ್ತ ಬರೋಣ. ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಜನಿಸಿ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಬೆಳೆದ ಅವರು ವಿದ್ಯಾಭ್ಯಾಸ ಮತ್ತು ಅಧ್ಯಾಪನಗಳ ಸಲುವಾಗಿ ಮೈಸೂರಿನಲ್ಲಿ ನೆಲಸಿದರು. ಮಲೆನಾಡು ಅವರಿಗೆ ಹುಟ್ಟೂರಾಗಿದ್ದಂತೆ ರಜೆಯಲ್ಲಿ ಮರಳಿ ಹೋಗಿ ನೋಡುವ ನೋಟವೂ ಆಗಿತ್ತು. ಮುಳಬಾಗಿಲಿನವರಾಗಿ ಬೆಂಗಳೂರಿನಲ್ಲಿ ಬಾಳಿದ ಡಿ.ವಿ.ಜಿ. ಅವರಿಗೆ ಬೇಲೂರು ಹೇಗೋ ಹಾಗೆ. ಈ ದೂರವೂ ಸ್ಫೂರ್ತಿಯ ಒಂದು ಅಂಗವೆಂಬುದನ್ನು ಮರೆಯಬಾರದು. ಪ್ರತಿದಿನ ಕಾಣುವುದನ್ನು ಕಣ್ಣು ಬಳಸುತ್ತದೆ. ಬಿಟ್ಟು ಹೋಗಿ ಮರಳಿದಾಗ ಅದನ್ನು ನೋಡುತ್ತದೆ.

'ದೇವರು ರುಜು ಮಾಡಿದನು' ಕವಿತೆಯ ಕಟ್ಟಡವನ್ನು ಗಮನಿಸಿದರೆ ಅದು ಚಿತ್ರಕಾರನ ಕೆಲಸದ ಕ್ರಮವನ್ನು ಅನುಸರಿಸಿರುವುದು ತಿಳಿಯುತ್ತದೆ. ವಿಶಾಲವಾದ ಆಕಾಶ ಹಿನ್ನೆಲೆಯಾಗುತ್ತದೆ. ಅದರ ಮುಂದೆ ಬೆಟ್ಟಗಳ ಸಾಲು, ಅದಕ್ಕೂ ಮುಂದೆ ದಟ್ಟ ಅಡವಿ, ಅಡವಿಗಳ ನಡುವೆ ತುಂಗೆ. ದೂರದಿಂದ ಹತ್ತಿರಕ್ಕೆ ಪದರಪದರವಾಗಿ ಪಟ ತುಂಬುತ್ತದೆ. ನೀಲಿ, ಹಸುರು, ಹೊಂಬಿಸಿಲಿನ ಬಣ್ಣಗಳು ತಮ್ಮ ತಮ್ಮ ಸ್ಥಾನದಲ್ಲಿ ನಿಲ್ಲುತ್ತವೆ. ಜನರಿಲ್ಲದ ತಾಣ, ಸದ್ದಿಲ್ಲದ ಹೊತ್ತು, ನಡುನಡುವೆ ಹಕ್ಕಿಯ ದನಿ. ಎಲ್ಲವೂ ಸಿದ್ಧವಾದ ಮೇಲೆ ಬೆಳ್ಳಕ್ಕಿಗಳ ಸಾಲು ಹಾರಿ ಬರುತ್ತದೆ. ಚಿತ್ರ ಮುಗಿಸಿದ ಕಲಾವಿದನು ಮೂಲೆಯಲ್ಲಿ ತನ್ನ ಹೆಸರನ್ನು ಬರೆಯುವಂತೆ, ಸೃಷ್ಟಿಯ ಈ ಕುಶಲಕ್ಕೆ ಅದರ ಕರ್ತೃ ರುಜು ಹಾಕಿದನೆಂದು ಕವಿ ಭಾವಿಸುತ್ತಾನೆ.

ಇಲ್ಲಿ ಎರಡು ಅಂಶಗಳು ವಿಶೇಷ ಗಮನಕ್ಕೆ ಅರ್ಹವಾಗಿವೆ. ಒಂದು, 'ರುಜು' ಎಂಬ ಶಬ್ದದ ಆಯ್ಕೆ. ಹಸ್ತಾಕ್ಷರ, ಅಂಕಿತ, ಮುದ್ರೆ ಎಂಬ ಗಂಭೀರ ಶಬ್ದಗಳು ಕವಿಗೆ ಲಭ್ಯವಿದ್ದವು. ಅವುಗಳಲ್ಲಿ 'ಅಂಕಿತ'ಕ್ಕೆ ವಚನ, ಕೀರ್ತನೆಗಳ ದೀರ್ಘ ಪರಂಪರೆಯೇ ಇದೆ. ಅವುಗಳನ್ನು ಬಿಟ್ಟು ಕಚೇರಿಯ ಕಾಗದಪತ್ರಗಳಲ್ಲಿ, ಸಾಲದ ಚೀಟಿಯಲ್ಲಿ ಓಡಾಡುವ ಮಾತನ್ನು ದೇವರ ಬಾಬತ್ತಿಗೆ ತಂದುದರಿಂದ ಕವಿತೆಗೆ ಒಂದು ನಂಬಿಕೆಯ ಬಲ ಬಂದಿದೆ. ರುಜು ಬಿದ್ದ ಮೇಲೆ ಪತ್ರ ಖಾತರಿಯಾಗುತ್ತದೆ. ಜಗತ್ತಿನ ಚೆಲುವು ಆಕಸ್ಮಿಕವಲ್ಲ, ಅದಕ್ಕೆ ಹೊಣೆಗಾರನೊಬ್ಬನಿದ್ದಾನೆ ಎಂಬ ಭರವಸೆಯನ್ನು ಈ ವ್ಯವಹಾರದ ಶಬ್ದವೇ ಕೊಡುತ್ತದೆ. ಎರಡು, ಕವಿಯು ತನ್ನನ್ನು ತಾನೇ ಪ್ರಥಮಪುರುಷದಲ್ಲಿ, ನೋಡುತ್ತ ನಿಂತ ಒಬ್ಬ ಕವಿಯೆಂದು ಹೇಳಿಕೊಂಡಿರುವುದು. ಅವನು ಚಿತ್ರವನ್ನು ಬರೆಯುವವನಲ್ಲ, ರುಜುವಿಗೆ ಸಾಕ್ಷಿಯಾದವನು. ವ್ಯವಹಾರದ ಪತ್ರಕ್ಕೆ ಸಾಕ್ಷಿಯೂ ಬೇಕಷ್ಟೆ.

ಡಿ.ವಿ.ಜಿ. ಅವರಲ್ಲಿ ಕಲೆ ಜೀವವಾದಂತೆ ಇಲ್ಲಿ ಜೀವ ಕಲೆಯಾಗಿದೆ. ಅಲ್ಲಿ ನಿಂತುದು ಚಲಿಸಿತು. ಇಲ್ಲಿ ಚಲಿಸುವ ಹೊಳೆ, ಹಾರುವ ಹಕ್ಕಿ ಒಂದು ಕ್ಷಣ ಪಟದ ಮೇಲೆ ನಿಂತವು. ಅಲ್ಲಿ ಪ್ರಶ್ನೆ ಮುಖ್ಯವಾದರೆ ಇಲ್ಲಿ ದೃಢೀಕರಣ ಮುಖ್ಯ. ಈ ವ್ಯತ್ಯಾಸ ಕವಿಗಳ ಮನೋಧರ್ಮಕ್ಕೆ ಸಂಬಂಧಿಸಿದುದು ಹೌದು; ಆದರೆ ಕಂಡ ವಸ್ತುವಿನಲ್ಲಿ ಇಲ್ಲದುದನ್ನು ಕಾಣ್ಕೆಯು ತುಂಬಿಕೊಡುವ ವ್ಯಾಪಾರ ಎರಡರಲ್ಲಿಯೂ ಸಮಾನವಾಗಿದೆ. ಕಲ್ಲಿಗೆ ಇಲ್ಲದುದು ಕಾಲ, ನಿಸರ್ಗಕ್ಕೆ ಇಲ್ಲದುದು ಚೌಕಟ್ಟು. ಒಬ್ಬ ಕವಿ ಕಾಲವನ್ನು ಕೊಟ್ಟನು, ಇನ್ನೊಬ್ಬ ಕವಿ ಚೌಕಟ್ಟನ್ನು ಕೊಟ್ಟನು.

6. ಚೌಕಟ್ಟಿನ ಹೊರಗೆ ಉಳಿದುದು

ಚೌಕಟ್ಟು ಹಾಕಿದಾಗ ಕೆಲವು ಸಂಗತಿಗಳು ಹೊರಗುಳಿಯುವುದು ಅನಿವಾರ್ಯ. ತುಂಗೆಯ ಆ ಚಿತ್ರದಲ್ಲಿ ಮನುಷ್ಯರಿಲ್ಲ. ದೋಣಿ ನಡೆಸುವವರು, ಗದ್ದೆಯಲ್ಲಿ ದುಡಿಯುವವರು, ಹೊಳೆ ದಾಟಿ ಊರು ಸೇರಬೇಕಾದವರು ಯಾರೂ ಕಾಣುವುದಿಲ್ಲ. ಇದನ್ನೇ ಆಧಾರವಾಗಿಟ್ಟುಕೊಂಡು ನವೋದಯದ ನಿಸರ್ಗಕಾವ್ಯವು ದುಡಿಮೆಯ ಲೋಕಕ್ಕೆ ಬೆನ್ನು ತಿರುಗಿಸಿತೆಂದು ಆಕ್ಷೇಪಿಸಲು ಸಾಧ್ಯವಿದೆ. ಕವಿತೆಯೊಂದನ್ನೇ ನೋಡಿದರೆ ಈ ಆಕ್ಷೇಪವನ್ನು ತಳ್ಳಿಹಾಕುವುದು ಸುಲಭವಲ್ಲ.

ಆದರೆ ಕುವೆಂಪು ಅವರೇ ತಮ್ಮ ಗದ್ಯದಲ್ಲಿ ಈ ಚೌಕಟ್ಟನ್ನು ಅಗಲಿಸಿದ್ದಾರೆ. 1933ರಲ್ಲಿ ಪ್ರಕಟವಾದ ಅವರ ಗದ್ಯಕೃತಿಯ ಹೆಸರು 'ಮಲೆನಾಡಿನ ಚಿತ್ರಗಳು'. 'ಚಿತ್ರ' ಎಂಬ ಮಾತು ಇಲ್ಲಿಯೂ ಇದೆ. ಆದರೆ ಅದು ಬರಿಯ ಬೆಟ್ಟಗುಡ್ಡಗಳ ಚಿತ್ರವಲ್ಲ. 'ಅಜ್ಜಯ್ಯನ ಅಭ್ಯಂಜನ'ದಂಥ ಬರಹದಲ್ಲಿ ಮಲೆನಾಡೆಂದರೆ ಹಂಡೆಯ ಬಿಸಿನೀರು, ಎಣ್ಣೆ, ಹೊಗೆ ಮತ್ತು ಮನೆಮಂದಿಯ ಗದ್ದಲ. ಮುಂದೆ 'ಕಾನೂರು ಹೆಗ್ಗಡಿತಿ' (1936) ಮತ್ತು 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಗಳಲ್ಲಿ ಅದೇ ಮಲೆ, ಅದೇ ಮಳೆ, ಅದೇ ಹೊಳೆ ಜನರ ಬದುಕನ್ನು ಕಟ್ಟುವ ಹಾಗೂ ಕೆಡವುವ ಶಕ್ತಿಗಳಾಗಿ ಬರುತ್ತವೆ. 'ಮದುಮಗಳು' ಕಾದಂಬರಿಯಲ್ಲಿ ಗುತ್ತಿಯ ಸಂಗಾತಿಯಾದ ನಾಯಿ ಹುಲಿಯ ಕೊಚ್ಚಿಹೋಗುವುದು ಇದೇ ತುಂಗೆಯ ನೆರೆಯಲ್ಲಿ. ಕವಿತೆಯಲ್ಲಿ ಚಿತ್ರಪಟದ ನಡುವೆ ಹೊಳೆಯುವ ರೇಖೆಯಾಗಿದ್ದ ನದಿ ಕಾದಂಬರಿಯಲ್ಲಿ ದಾಟಲೇಬೇಕಾದ ನದಿಯಾಗಿದೆ. ದಡದಲ್ಲಿ ನಿಂತು ನೋಡುವವನ ತುಂಗೆ ಬೇರೆ, ದಾಟುವವನ ತುಂಗೆ ಬೇರೆ. ಒಂದೇ ಲೇಖನಿ ಎರಡನ್ನೂ ಬರೆದಿದೆ ಎಂಬುದು ಕುವೆಂಪು ಅವರ ದೊಡ್ಡತನದ ಗುರುತು. ಅವರನ್ನು 'ಪ್ರಕೃತಿಕವಿ' ಎಂಬ ಒಂದೇ ಬಿರುದಿನಲ್ಲಿ ಮುಗಿಸಿಬಿಡುವ ಪಾಠಕ್ರಮವು ಎರಡನೆಯ ತುಂಗೆಯನ್ನು ವಿದ್ಯಾರ್ಥಿಗಳಿಂದ ಮರೆಮಾಡುತ್ತದೆ. ಹೀಗೆ ಮರೆಮಾಡುವುದರಿಂದ ಮೊದಲನೆಯ ತುಂಗೆಗೂ ನಷ್ಟವೇ. ನೆರೆಯನ್ನು ಬಲ್ಲವನು ಕಂಡ ಶಾಂತಿ ಅದೆಂಬುದು ಆಗ ತಿಳಿಯುವುದಿಲ್ಲ.

7. ಯಾರ ರುಜು?

ರುಜುವಿನ ರೂಪಕದೊಡನೆ ಮತ್ತೊಮ್ಮೆ ಬೇಲೂರಿಗೆ ಮರಳಿದರೆ ಅಲ್ಲಿ ಅಕ್ಷರಶಃ ರುಜುಗಳೇ ಇವೆ. ಹಲವು ಮದನಿಕೆಯರ ಪೀಠಗಳಲ್ಲಿ ಅವುಗಳನ್ನು ಮಾಡಿದ ರೂವಾರಿಗಳು ತಮ್ಮ ಹೆಸರು, ಊರು, ಬಿರುದುಗಳನ್ನು ಕೆತ್ತಿದ್ದಾರೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಇವರಲ್ಲಿ ಪ್ರಸಿದ್ಧರು. ಬಳ್ಳಿಗಾವೆ ಇಂದಿನ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿದೆ. ಕುಪ್ಪಳಿಯೂ ಅದೇ ಜಿಲ್ಲೆಗೆ ಸೇರಿದುದು. ಪ್ರಾಚೀನ ಭಾರತದ ಬಹುಪಾಲು ಶಿಲ್ಪಗಳು ಕರ್ತೃವಿನ ಹೆಸರಿಲ್ಲದೆ ಉಳಿದಿರುವಾಗ ಹೊಯ್ಸಳ ಶಿಲ್ಪಿಗಳ ಈ ನಡವಳಿಕೆ ಕಲೆಯ ಚರಿತ್ರೆಯಲ್ಲಿಯೇ ವಿಶೇಷವಾದುದು.

'ಅಂತಃಪುರಗೀತೆ'ಯ ಮಾತುಕತೆ ಪ್ರಧಾನವಾಗಿ ಮೂವರ ನಡುವಿನದು: ಕವಿ, ಮದನಿಕೆ ಮತ್ತು ಚೆನ್ನಕೇಶವ. ಅವಳನ್ನು ಜೀವಂತಳೆಂದು ಭಾವಿಸಿದ ಬಳಿಕ ಅವಳನ್ನು ಕಡೆದವನ ಮಾತು ಹಿಂದಕ್ಕೆ ಸರಿಯುವುದು ಸಹಜ. ಜೀವವುಳ್ಳವಳಿಗೆ ಪ್ರಿಯನಿರಬಹುದು, ರೂವಾರಿಯಿರಲಾರ. ಕುವೆಂಪು ಅವರ ಕವಿತೆಯಲ್ಲಿ ಇದರ ವಿರುದ್ಧ ದಿಕ್ಕಿನ ಚಲನೆಯಿದೆ. ಕರ್ತೃವೇ ಕಾಣದ ನಿಸರ್ಗದಲ್ಲಿ ಅವರು ಕರ್ತೃವಿನ ರುಜುವನ್ನು ಹುಡುಕಿ ಓದಿದರು. ಒಂದೆಡೆ ಇರುವ ರುಜು ಮರೆಯಾಯಿತು, ಇನ್ನೊಂದೆಡೆ ಇಲ್ಲದ ರುಜು ಮೂಡಿತು. ಈ ಎರಡು ರುಜುಗಳ ಆಯುಷ್ಯದಲ್ಲಿಯೂ ಅಂತರವಿದೆ. ದಾಸೋಜನದು ಒಂಬತ್ತು ಶತಮಾನಗಳನ್ನು ದಾಟಿ ಉಳಿದ ಶಿಲಾಕ್ಷರ. ಬೆಳ್ಳಕ್ಕಿಗಳದು ಬರೆದ ಮರುಗಳಿಗೆಯಲ್ಲಿ ಅಳಿಸಿಹೋಗುವ ಅಕ್ಷರ. ಕವಿ ಸಾಕ್ಷಿಯಾಗಿ ನಿಂತುದರಿಂದ ಮಾತ್ರ ಅದು ಉಳಿದಿದೆ.

ಈ ಮಾತನ್ನು ಡಿ.ವಿ.ಜಿ. ಅವರ ದೋಷವೆಂದು ಹೇಳುತ್ತಿಲ್ಲ. ಗೀತೆಯ ಧರ್ಮವೇ ಅಂಥದು. ಆದರೆ ಓದುವವರಾದ ನಮಗೆ ಇದರಲ್ಲಿ ಒಂದು ಹೊಣೆಯಿದೆ. ಸ್ಫೂರ್ತಿಯೆಂಬುದು ದಾನವಲ್ಲ, ಋಣ. ಗೀತೆಯು ಮದನಿಕೆಗೆ ಋಣಿ, ಮದನಿಕೆ ದಾಸೋಜನ ಉಳಿಗೆ ಋಣಿ, ಆ ಉಳಿಯು ಹಲ್ಲಿ, ನೊಣ, ಬಳ್ಳಿ, ಕುಣಿತಗಳನ್ನು ನೋಡಿದ ಕಣ್ಣಿಗೆ ಋಣಿ. ಈ ಸರಪಣಿಯನ್ನು ಹಿಂದುಹಿಂದಕ್ಕೆ ಎಣಿಸುತ್ತ ಹೋಗುವುದೇ ಅಧ್ಯಯನ. ಗೀತೆಯನ್ನು ಬಲ್ಲವನು ಪೀಠದ ಮೇಲಿನ ಅಕ್ಷರಗಳನ್ನೂ ಓದಬಲ್ಲವನಾದರೆ ಗೀತೆ ಕುಗ್ಗುವುದಿಲ್ಲ, ಹಿಗ್ಗುತ್ತದೆ.

ಸರಪಣಿ ಮುಂದಕ್ಕೂ ಬೆಳೆಯುತ್ತದೆ ಎಂಬುದಕ್ಕೆ ಕುಪ್ಪಳಿಯ ಕವಿಶೈಲವೇ ನಿದರ್ಶನ. ಕುವೆಂಪು ಅವರು ಕುಳಿತು ಕಾಡು ಕಣಿವೆಗಳನ್ನು ನೋಡುತ್ತಿದ್ದ ಆ ಕಲ್ಲುಹಾಸಿನ ಮೇಲೆ ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಮತ್ತು ಕುವೆಂಪು ಅವರ ಹೆಸರಿನ ಅಕ್ಷರಗಳನ್ನು ಕೆತ್ತಲಾಗಿದೆ. ನಿಸರ್ಗದಲ್ಲಿ ದೇವರ ರುಜುವನ್ನು ಓದಿದ ಕವಿ ತನ್ನ ಗುರುಗಳೊಡನೆ ನಿಸರ್ಗದ ಮೇಲೆ ರುಜು ಉಳಿಸಿದಂತಾಗಿದೆ. 1994ರಲ್ಲಿ ಅವರ ಅಂತ್ಯಕ್ರಿಯೆ ನಡೆದುದೂ ಅಲ್ಲಿಯೇ. ಬಳಿಕ ಕಲಾವಿದ ಕೆ.ಟಿ. ಶಿವಪ್ರಸಾದ್ ಅವರ ವಿನ್ಯಾಸದಂತೆ ಬೃಹತ್ ಶಿಲೆಗಳನ್ನು ನಿಲ್ಲಿಸಿ ಅಲ್ಲೊಂದು ಶಿಲಾರಚನೆಯನ್ನು ನಿರ್ಮಿಸಲಾಯಿತು. ನಿಸರ್ಗದಿಂದ ಕಾವ್ಯ, ಕಾವ್ಯದಿಂದ ದೃಶ್ಯಕಲೆ, ದೃಶ್ಯಕಲೆಯಿಂದ ಮತ್ತೆ ನಿಸರ್ಗದ ನೋಟ ಎಂಬ ಆವರ್ತನವೊಂದು ಇಲ್ಲಿ ಕಣ್ಣೆದುರಿಗೆ ಪೂರ್ಣಗೊಂಡಿದೆ.

8. ಉಪಸಂಹಾರ

ಮೇಲಣ ಪರಿಶೀಲನೆಯಿಂದ ದೊರೆಯುವ ನಿಲುವುಗಳನ್ನು ಹೀಗೆ ಸಂಗ್ರಹಿಸಬಹುದು. ಕಲೆಯಿಂದ ಬಂದ ಸ್ಫೂರ್ತಿ ಮತ್ತು ನಿಸರ್ಗದಿಂದ ಬಂದ ಸ್ಫೂರ್ತಿ ಎಂಬ ಭೇದವು ವಸ್ತುವಿನ ಮಟ್ಟದಲ್ಲಿ ಮಾತ್ರ ನಿಲ್ಲುತ್ತದೆ. ಕಾವ್ಯವ್ಯಾಪಾರದ ಮಟ್ಟದಲ್ಲಿ ಎರಡೂ ಒಂದನ್ನೊಂದು ಎರವಲು ಪಡೆಯುತ್ತವೆ. ಕಂಡ ವಸ್ತುವಿನಲ್ಲಿ ಇಲ್ಲದ ಒಂದು ಆಯಾಮವನ್ನು ಒದಗಿಸುವುದರಿಂದ ನೋಟವು ಕವಿತೆಯಾಗುತ್ತದೆ. ಹಾಗೆ ಒದಗಿಸುವಾಗ ಕವಿತೆಯು ಏನನ್ನಾದರೂ ಹೊರಗಿಡಲೇಬೇಕಾಗುತ್ತದೆ. ಹೊರಗುಳಿದುದನ್ನು ಗುರುತಿಸುವುದು ಕವಿತೆಯ ನಿಂದೆಯಲ್ಲ, ಅದರ ಪೂರ್ಣ ಓದಿನ ಒಂದು ಭಾಗ.

ಇದರಿಂದ ಬೋಧನೆಗೂ ಒಂದು ಸೂಚನೆ ದೊರೆಯುತ್ತದೆ. 'ಅಂತಃಪುರಗೀತೆ'ಯನ್ನು ಪಾಠ ಹೇಳುವಾಗ ಗೀತೆಗೆ ಮುಂಚೆ ವಿಗ್ರಹವನ್ನು, ಸಾಧ್ಯವಾದರೆ ಸ್ಥಳದಲ್ಲಿ, ಇಲ್ಲವಾದರೆ ಛಾಯಾಚಿತ್ರದಲ್ಲಿ, ತೋರಿಸಿ ವಿದ್ಯಾರ್ಥಿಗಳೇ ಅವಳಿಗೆ ಒಂದು ಪ್ರಶ್ನೆ ಕೇಳುವಂತೆ ಹೇಳಬಹುದು. ಅನಂತರ ಕವಿಯ ಪ್ರಶ್ನೆಯನ್ನು ಓದಿದರೆ ಅದು ಯಾವ ಬಿರುಕನ್ನು ಕಂಡುಹಿಡಿದಿದೆ ಎಂಬುದು ಅವರಿಗೆ ಸ್ವಾನುಭವದಿಂದ ತಿಳಿಯುತ್ತದೆ. ಕುವೆಂಪು ಅವರ ಕವಿತೆಗೆ ಮುಂಚೆ ತಮ್ಮ ಊರಿನ ಕೆರೆಯನ್ನೋ ಗುಡ್ಡವನ್ನೋ ನೋಡಿ, ಹಿನ್ನೆಲೆಯಲ್ಲಿ ಏನಿದೆ, ಮುನ್ನೆಲೆಯಲ್ಲಿ ಏನಿದೆ, ಚಿತ್ರದಿಂದ ಯಾರನ್ನು ಬಿಟ್ಟೆವು ಎಂದು ಗುರುತು ಹಾಕಿಕೊಳ್ಳಲು ಹೇಳಬಹುದು. ವರ್ಣನೆಗಳನ್ನು ಪಟ್ಟಿಮಾಡಿಸುವ ಪರೀಕ್ಷೆಯ ಪ್ರಶ್ನೆಗಿಂತ ಇದು ಕಾವ್ಯಕ್ಕೆ ಹತ್ತಿರವಾದ ಅಭ್ಯಾಸ. ಮಮ್ಮಟನು ಹೇಳಿದ ನಿಪುಣತೆ, ಅಭ್ಯಾಸಗಳು ಕವಿಗೆ ಮಾತ್ರವಲ್ಲ, ಸಹೃದಯನಿಗೂ ಬೇಕಾದವು.

ಪಶ್ಚಿಮ ಘಟ್ಟದ ಆಯ್ದ 39 ತಾಣಗಳು 2012ರಲ್ಲಿಯೂ, ಬೇಲೂರು, ಹಳೇಬೀಡು, ಸೋಮನಾಥಪುರಗಳ ಹೊಯ್ಸಳ ದೇವಾಲಯಗಳು 2023ರಲ್ಲಿಯೂ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಕಾಡು ಮತ್ತು ಕಲ್ಲು ಎರಡಕ್ಕೂ ಹೊರಗಿನ ಲೋಕದ ರುಜು ಬಿದ್ದಂತಾಯಿತು. ಅವುಗಳ ರಕ್ಷಣೆಗೆ ಕಾನೂನು ಬೇಕು, ಹಣ ಬೇಕು, ಎಚ್ಚರ ಬೇಕು. ಅವುಗಳನ್ನು ನೋಡಬಲ್ಲ ಕಣ್ಣನ್ನು ಉಳಿಸಿಕೊಳ್ಳುವ ಕೆಲಸ ಮಾತ್ರ ಯಾವ ಪಟ್ಟಿಗೂ ಸೇರದು. ಸೂರಿನ ಕೆಳಗಿನ ಹಲ್ಲಿಯನ್ನು, ಹೊಳೆಯ ಮೇಲಣ ಬೆಳ್ಳಕ್ಕಿಯನ್ನು, ಪೀಠದ ಮೇಲಿನ ದಾಸೋಜನ ಹೆಸರನ್ನು ನಿಂತು ಓದುವಷ್ಟು ಹೊತ್ತು ನಮ್ಮ ತರಗತಿಗಳಲ್ಲಿ ದೊರೆತರೆ, ಆ ಕೆಲಸ ಆರಂಭವಾದಂತೆ.